ಕೆನೆತ್ ಆಂಡರ್ಸನ್ ಆರಿಸಿಕೊಂಡ ಕೋವಿ



ಕಾಮರ್ಸ್ ಓದುವ ಹುಡುಗ ಕೋವಿಯ ಸುದ್ದಿ ಯಾಕೆ ತೆಗೆದ ಅಂತ ನಿಮಗೆ ಅನ್ನಿಸಬಹುದು. ಈ ಸಂಚಿಕೆಗೆ ಯಾರಾದರೂ ಹೆಸರಾಂತ ವ್ಯಕ್ತಿಯ ಜೀವನ ಚಿತ್ರ ಬರೆದುಕೊಡು ಎಂದು ಕೂಟದ ಕಾರ್ಯದರ್ಶಿಗಳು ಹೇಳಿದಾಗ ನಾನೂ ಎಲ್ಲರ ಹಾಗೆ ವಿಶ್ವೇಶ್ವರಯ್ಯನವರನ್ನೇ ನೆನೆಸಿದೆ. ಪುಣೆಯಲ್ಲಿ ಓದಿದವರು, ಖಡಕ್‌ವಾಸ್ಲಾ ಕಟ್ಟೆಗೆ ತಾನೇ ತೆರೆದು ಮುಚ್ಚುವ ಬಾಗಿಲು ಕೂರಿಸಿದವರು. ಆದರೆ ಅವರ ಮೇಲೆ ಬರೆಯುವವರು ನಮ್ಮ ಕೂಟದಲ್ಲೇ ಮೂರು ಜನ ಇದ್ದಾರೆ. ಹಾಗಾಗಿ ನಾನು ಬೇರೆ ಒಬ್ಬರನ್ನು ಹಿಡಿದೆ. ಆತನ ಹೆಸರು ಕೆನೆತ್ ಆಂಡರ್ಸನ್.

ಕನ್ನಡ ಶಾಲೆಯಲ್ಲಿ ಓದಿದವರಿಗೆ ಈ ಹೆಸರು ಹೊಸದಲ್ಲ. ಪೂರ್ಣಚಂದ್ರ ತೇಜಸ್ವಿಯವರು ಕಾಡಿನ ಕಥೆಗಳು ಎಂದು ನಾಲ್ಕು ಭಾಗಗಳಲ್ಲಿ ಕನ್ನಡಕ್ಕೆ ತಂದದ್ದು ಈತನ ಅನುಭವಗಳನ್ನೇ. ಹೈಸ್ಕೂಲಿನಲ್ಲಿ ಗಣಿತದ ಪುಸ್ತಕದೊಳಗೆ ಇಟ್ಟುಕೊಂಡು ಅದನ್ನು ಓದಿ ಪೆಟ್ಟು ತಿಂದವರಲ್ಲಿ ನಾನೂ ಒಬ್ಬ. ಆಗ ಹುಲಿ ಮಾತ್ರ ಕಾಣುತ್ತಿತ್ತು, ಕೋವಿ ಕಾಣುತ್ತಿರಲಿಲ್ಲ. ಈಗ ಎರಡನೇ ಸಲ ಓದುವಾಗ ನನ್ನ ಗಮನವೆಲ್ಲ ಕೋವಿಯ ಮೇಲೆ ಹೋಯಿತು. ಅದಕ್ಕೆ ನಮ್ಮ ಮನೆಯದೇ ಒಂದು ಕಾರಣವಿದೆ. ಕೊನೆಗೆ ಹೇಳುತ್ತೇನೆ.

ಆಂಡರ್ಸನ್ ಹುಟ್ಟಿದ್ದು 1910ರ ಮಾರ್ಚ್ 8ರಂದು, ಹೈದರಾಬಾದಿನ ಹತ್ತಿರದ ಬೊಲಾರಮ್‌ನಲ್ಲಿ. ಹಲವು ತಲೆಮಾರುಗಳಿಂದ ಇಂಡಿಯಾದಲ್ಲೇ ನೆಲೆಸಿದ್ದ ಸ್ಕಾಟಿಷ್ ಮನೆತನ. ತಂದೆ ಡಗ್ಲಸ್ ಸ್ಟುವರ್ಟ್ ಆಂಡರ್ಸನ್ ಕೆಲಸ ಮಾಡುತ್ತಿದ್ದದ್ದು ಎಲ್ಲಿ ಗೊತ್ತೇ? ನಮ್ಮ ಇದೇ ಪುಣೆಯ ಮಿಲಿಟರಿ ಅಕೌಂಟ್ಸ್ ಕಚೇರಿಯಲ್ಲಿ, ಸೂಪರಿಂಟೆಂಡೆಂಟ್ ಆಗಿ. ಸೈನಿಕರ ಸಂಬಳದ ಲೆಕ್ಕ ನೋಡುವುದು ಅವರ ಕೆಲಸ. ಗೌರವಕ್ಕೆ ಕ್ಯಾಪ್ಟನ್ ಎಂಬ ಪದವಿಯೂ ಇತ್ತಂತೆ. ಸ್ವಾರಗೇಟಿನಿಂದ ಕ್ಯಾಂಪ್ ಕಡೆ ಬಸ್ಸಿನಲ್ಲಿ ಹೋಗುವವರು ಗೋಳಿಬಾರ್ ಮೈದಾನ ನೋಡಿರುತ್ತೀರಿ. ಸೈನ್ಯದ ಅಧಿಕಾರಿಗಳ ಸಂಬಳ ಲೆಕ್ಕ ಹಾಕುವ ದೊಡ್ಡ ಕಚೇರಿ ಇವತ್ತಿಗೂ ಅಲ್ಲಿದೆ. ಗೋಳಿಬಾರ್ ಅಂದರೆ ಮರಾಠಿಯಲ್ಲಿ ಗುಂಡು ಹಾರಿಸುವುದು. ಗುಂಡಿನ ಮೈದಾನದಲ್ಲಿ ಲೆಕ್ಕದ ಕಚೇರಿ! ಆ ಬೋರ್ಡು ಕಂಡಾಗಲೆಲ್ಲ ನನಗೆ ಈ ಅಪ್ಪ ಮಗನ ನೆನಪಾಗುತ್ತದೆ. ಅಪ್ಪನಿಗೆ ಶಿಕಾರಿಯ ಹುಚ್ಚು ಇತ್ತು, ಮಗನಿಗೂ ಅದೇ ಹತ್ತಿತು. ಅಪ್ಪನ ಲೆಕ್ಕದ ಬುದ್ಧಿಯೂ ಮಗನಿಗೆ ಬಂತು ಅನ್ನುವುದು ನನ್ನ ಅನಿಸಿಕೆ.

ಮಗ ಬೆಳೆದದ್ದು ಬೆಂಗಳೂರಿನಲ್ಲಿ. ಬಿಷಪ್ ಕಾಟನ್ ಶಾಲೆ, ಆಮೇಲೆ ಸೇಂಟ್ ಜೋಸೆಫ್ ಕಾಲೇಜು. ಕಾನೂನು ಓದಲೆಂದು ಎಡಿನ್‌ಬರೋಗೆ ಕಳಿಸಿದರೆ ಅರ್ಧಕ್ಕೇ ಬಿಟ್ಟು ವಾಪಸು ಬಂದುಬಿಟ್ಟ. ಹದಿನೈದು ವರ್ಷ ಅಂಚೆ ಮತ್ತು ತಂತಿ ಇಲಾಖೆಯಲ್ಲಿ ನೌಕರಿ ಮಾಡಿದ. ಆಮೇಲೆ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ, ಅಂದರೆ ನಾವು ಈಗ ಎಚ್.ಎ.ಎಲ್. ಎನ್ನುವಲ್ಲಿ, ಯೋಜನಾ ವಿಭಾಗದ ಮ್ಯಾನೇಜರಾದ. ಕನ್ನಡ, ತಮಿಳು ಎರಡೂ ಮಾತಾಡುತ್ತಿದ್ದ. ಕಾಡಿನಲ್ಲಿ ಆತನ ಗುರುಗಳು ಪೂಜಾರಿ ಜನಾಂಗದ ಭೈರ ಮತ್ತು ರಂಗ ಅನ್ನುವಂಥವರು.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಆಂಡರ್ಸನ್ ಮಹಾರಾಜನಲ್ಲ, ವೈಸರಾಯನೂ ಅಲ್ಲ. ತಿಂಗಳ ಸಂಬಳದವನು. ರಜೆ ಸಿಕ್ಕಾಗ ತನ್ನ ಸ್ಟುಡಿಬೇಕರ್ ಕಾರಿಗೆ ಪೆಟ್ರೋಲ್ ಹಾಕಿಸಿಕೊಂಡು ಕಾಡಿಗೆ ಹೋಗಿ, ರಜೆ ಮುಗಿದ ದಿನ ಕೆಲಸಕ್ಕೆ ಹಾಜರಾಗಬೇಕಾದವನು. ರಾಜರು ಶಿಕಾರಿಗೆ ಹೊರಟರೆ ಆನೆ, ಸೋಹು ಮಾಡುವ ನೂರಾರು ಜನ, ಬೇರೆ ಬೇರೆ ಪ್ರಾಣಿಗೆ ಬೇರೆ ಬೇರೆ ಲಂಡನ್ ಕೋವಿ. ಸಂಬಳದವನಿಗೆ ಅದು ನಡೆಯುತ್ತದೆಯೇ? ಜಿಂಕೆಗೂ ಅದೇ, ಕರಡಿಗೂ ಅದೇ, ಹುಲಿ ಎದುರಾದರೂ ಅದೇ ಅನ್ನುವಂಥ ಒಂದು ಕೋವಿ ಬೇಕು. ಹೊರೋದಕ್ಕೆ ಹಗುರಾಗಿರಬೇಕು, ಲಂಟಾನದ ಪೊದೆಯೊಳಗೆ ತೂರುವಾಗ ಸಿಕ್ಕಿಹಾಕಿಕೊಳ್ಳಬಾರದು. ನಮ್ಮ ಲೆಕ್ಕಶಾಸ್ತ್ರದ ಭಾಷೆಯಲ್ಲಿ ಹೇಳೋದಾದರೆ ಬಂಡವಾಳ ಕಮ್ಮಿ, ಹೊಣೆ ಜಾಸ್ತಿ.

ಇಲ್ಲಿ ಕೋವಿ ಮತ್ತು ತೋಟಾದ ವಿಷಯ ಸ್ವಲ್ಪ ಹೇಳಬೇಕು. ನಾನಿರುವುದು ಖಡಕಿಯಲ್ಲಿ, ಚಿಕ್ಕಪ್ಪನ ಮನೆಯಲ್ಲಿ. 1869ರಲ್ಲಿ ಶುರುವಾದ ಮದ್ದುಗುಂಡಿನ ಕಾರ್ಖಾನೆ ಇರುವ ಊರು ಅದು. ಪಕ್ಕದ ಮನೆಯ ನಿವೃತ್ತ ಅಜೋಬಾ ಒಬ್ಬರು ನನಗೆ ಒಂದು ಭಾನುವಾರ ಪೂರ್ತಿ ಕೂರಿಸಿಕೊಂಡು ಪಾಠ ಮಾಡಿದರು. ತೋಟಾ ಅಂದರೆ ನಾಲ್ಕು ವಸ್ತು: ಹಿತ್ತಾಳೆಯ ಕೊಳವೆ, ತಳದಲ್ಲಿ ಕೇಪು, ಒಳಗೆ ಮದ್ದು, ಬಾಯಿಗೆ ಗುಂಡು. ಕೇಪಿಗೆ ಪೆಟ್ಟು ಬಿದ್ದರೆ ಕಿಡಿ, ಕಿಡಿಯಿಂದ ಮದ್ದು ಉರಿದು ಹೊಗೆಯಾಗಿ ಉಬ್ಬಿ ಗುಂಡನ್ನು ತಳ್ಳುತ್ತದೆ. ರೈಫಲ್ಲಿನ ನಳಿಗೆಯ ಒಳಗೆ ಸುರುಳಿ ಗೀರುಗಳಿರುತ್ತವೆ. ಅದರಿಂದ ಗುಂಡು ಬುಗುರಿಯ ಹಾಗೆ ತಿರುಗುತ್ತ ಹೋಗುತ್ತದೆ. ತಿರುಗುವ ಬುಗುರಿ ಹೇಗೆ ಬೀಳುವುದಿಲ್ಲವೋ ಹಾಗೆ ಗುಂಡೂ ದಾರಿ ಬಿಡುವುದಿಲ್ಲ. ನಮ್ಮೂರ ಕೇಪಿನ ಕೋವಿಯ ಒಳಗೆ ಈ ಗೀರೇ ಇರುವುದಿಲ್ಲ. ಬರೀ ನುಣುಪು ಕೊಳವೆ.

ಈಗ ಪ್ರಾಣಿಗಳ ಕಡೆ ಬನ್ನಿ. ಜಿಂಕೆ ಹಗುರ ಪ್ರಾಣಿ, ಗಂಡು ಚುಕ್ಕೆಜಿಂಕೆ ಸುಮಾರು 70ರಿಂದ 90 ಕಿಲೋ. ದೂರದಿಂದಲೇ ಬೆದರಿ ಓಡುತ್ತದೆ. ಅದಕ್ಕೆ ಬೇಕಾದದ್ದು ಸಣ್ಣ ಗುಂಡು, ಹೆಚ್ಚು ವೇಗ, ನೇರ ದಾರಿ. ಕುಮಾಊಂನ ಜಿಮ್ ಕಾರ್ಬೆಟ್ಟರ ಹತ್ತಿರ ಇದ್ದ .275 ರಿಗ್ಬಿ ಅಂಥದ್ದು. 7 ಮಿಲಿಮೀಟರ್ ದಪ್ಪದ ಹಗುರ ಗುಂಡು. ಚಂಪಾವತದ ಹುಲಿಯನ್ನು 1907ರಲ್ಲಿ ಕೊಂದದ್ದಕ್ಕೆ ಉಡುಗೊರೆಯಾಗಿ ಬಂದ ರೈಫಲ್ ಅದು. ಬೆಟ್ಟದ ಇಳಿಜಾರಿನಲ್ಲಿ ಆಚೆಯ ಮಗ್ಗುಲಿಗೆ ಗುರಿ ಇಡುವವರಿಗೆ ಸರಿ.

ಕರಡಿಯ ಲೆಕ್ಕ ಬೇರೆ. ನಮ್ಮ ಸೀಮೆಯ ಕರಡಿ ನೂರು ಕಿಲೋದ ಮೇಲೂ ತೂಗುತ್ತದೆ. ಗೆದ್ದಲು, ಜೇನು, ಅತ್ತಿಹಣ್ಣು, ಹಲಸು ತಿಂದುಕೊಂಡಿರುವ ಪ್ರಾಣಿ. ಗೆದ್ದಲು ಹೀರೋದಕ್ಕೆ ಅನುಕೂಲವಾಗಲಿ ಅಂತ ಮೇಲಿನ ನಡುವಿನ ಎರಡು ಹಲ್ಲುಗಳೇ ಅದಕ್ಕೆ ಇರುವುದಿಲ್ಲ. ಕಣ್ಣು, ಕಿವಿ ಅಷ್ಟು ಚುರುಕಿಲ್ಲ. ಹಾಗಾಗಿ ಮನುಷ್ಯ ತೀರಾ ಹತ್ತಿರ ಬರುವ ತನಕ ಅದಕ್ಕೆ ಗೊತ್ತಾಗುವುದಿಲ್ಲ. ಗೊತ್ತಾದ ಮೇಲೆ ಗಾಬರಿಯಲ್ಲಿ ನೇರವಾಗಿ ಮುಖಕ್ಕೇ ನುಗ್ಗುತ್ತದೆ. ಮೈತುಂಬ ಜೊಂಪೆ ಜೊಂಪೆ ಕರಿ ಕೂದಲು. ಕತ್ತಲಲ್ಲಿ ಮೈ ಎಲ್ಲಿ ಮುಗಿಯಿತು, ಕೂದಲು ಎಲ್ಲಿ ಶುರುವಾಯಿತು ಅಂತ ತಿಳಿಯುವುದಿಲ್ಲ. ಹತ್ತು ಹದಿನೈದು ಹೆಜ್ಜೆಯಲ್ಲಿ ಅಂಥದ್ದು ಬಂದರೆ ಗುಂಡು ಭಾರವಾಗಿರಬೇಕು, ಒಂದು ತಪ್ಪಿದರೆ ಇನ್ನೊಂದು ಕೂಡಲೇ ಸಿದ್ಧವಿರಬೇಕು.

ಈಗ ಅಂಗಡಿಯಲ್ಲಿ ನಿಂತವನ ಹಾಗೆ ಒಂದೊಂದಾಗಿ ನೋಡೋಣ. ಹನ್ನೆರಡರ ಬೋರಿನ ಜೋಡುನಳಿಗೆ ಕೋವಿ ಅಗ್ಗ. ಅದರ ನಳಿಗೆಯ ಅಳತೆಯ ಸೀಸದ ಗುಂಡು ಹನ್ನೆರಡು ಸೇರಿದರೆ ಒಂದು ಪೌಂಡ್, ಅದಕ್ಕೇ ಆ ಹೆಸರು. ಹತ್ತಿರಕ್ಕೆ ಒಳ್ಳೆಯದು. ದೂರ ಹೋದಂತೆ ಚರೆ ಚದುರಿ ಪ್ರಾಣಿ ಸಾಯುವುದಿಲ್ಲ, ಬರೀ ಗಾಯವಾಗುತ್ತದೆ. ಲಂಡನ್ನಿನ ಜೋಡುನಳಿಗೆ ರೈಫಲ್ ಆನೆಯನ್ನೂ ಉರುಳಿಸುತ್ತದೆ. ಆದರೆ ಬೆಲೆ ಕೇಳಿದರೆ ಸಂಬಳದವನು ಉರುಳುತ್ತಾನೆ, ಮೇಲಾಗಿ ಎರಡೇ ಈಡು. ಹಗುರ ಗುಂಡಿನ ರೈಫಲ್ ಜಿಂಕೆಗೆ ಸರಿ, ನುಗ್ಗಿ ಬರುವ ಕರಡಿಗೆ ಸಾಲುತ್ತದೋ ಇಲ್ಲವೋ ಎಂಬ ಅನುಮಾನ ಉಳಿಯುತ್ತದೆ.

ಆಂಡರ್ಸನ್ ಆರಿಸಿಕೊಂಡದ್ದು ಅಮೆರಿಕದ ಕಾರ್ಖಾನೆಯಲ್ಲಿ ತಯಾರಾದ ವಿಂಚೆಸ್ಟರ್ 1895 ಮಾದರಿಯ ರೈಫಲ್, .405ರ ತೋಟಾ. ಇದನ್ನು ರೂಪಿಸಿದವನು ಜಾನ್ ಬ್ರೌನಿಂಗ್. ಕೈಹಿಡಿಯ ಕೆಳಗೆ ಒಂದು ಲಿವರ್ ಇದೆ. ಅದನ್ನು ಕೆಳಗೆ ಎಳೆದು ಮೇಲಕ್ಕೆ ತಂದರೆ ಹಳೇ ಕೊಳವೆ ಹೊರಗೆ, ಹೊಸ ತೋಟಾ ಒಳಗೆ. ಕಣ್ಣನ್ನು ಗುರಿಯಿಂದ ತೆಗೆಯಬೇಕಾಗಿಲ್ಲ. ಟ್ರಿಗರಿನ ಮುಂದಿನ ಪೆಟ್ಟಿಗೆಯಲ್ಲಿ ನಾಲ್ಕು ತೋಟಾ ಹಿಡಿಯುತ್ತದೆ, ನಳಿಗೆಯಲ್ಲಿ ಇನ್ನೊಂದು. ನಳಿಗೆ ಸುಮಾರು 24 ಇಂಚು, ಪಕ್ಕದಿಂದ ನೋಡಿದರೆ ಚಪ್ಪಟೆ, ಪೊದೆಯಲ್ಲಿ ತೊಡಕಾಗುವುದಿಲ್ಲ. 1904ರಲ್ಲಿ ಬಂದ ಆ .405 ತೋಟಾದ ಗುಂಡು 300 ಗ್ರೇನ್, ಅಂದರೆ 19 ಗ್ರಾಮಿನ ಮೇಲೆ. ನಮ್ಮ ಚಿನ್ನದಂಗಡಿ ಲೆಕ್ಕದಲ್ಲಿ ಒಂದೂವರೆ ತೊಲಕ್ಕಿಂತ ಸ್ವಲ್ಪ ಜಾಸ್ತಿ. ವೇಗ ಸೆಕೆಂಡಿಗೆ ಸುಮಾರು 2,200 ಅಡಿ. ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೋಡರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಕ್ಕೆ ಶಿಕಾರಿಗೆ ಹೋದಾಗ ಸಿಂಹಕ್ಕೆಂದು ತೆಗೆದುಕೊಂಡು ಹೋದದ್ದೂ ಇದೇ ಜಾತಿಯ ಕೋವಿಯನ್ನು.

ದೋಷ ಇಲ್ಲವೇ? ಇದೆ. ಭಾರದ, ಮೊಂಡು ಮೂತಿಯ ಗುಂಡು ದೂರ ಹೋದಂತೆ ಬೇಗ ಕೆಳಗಿಳಿಯುತ್ತದೆ. ಬಯಲಿನಲ್ಲಿ ಇನ್ನೂರು ಗಜದಾಚೆ ನಿಂತ ಜಿಂಕೆಗೆ ಇದು ಹೇಳಿದ್ದಲ್ಲ. ಹಿಂದಕ್ಕೆ ಒದೆಯುವುದೂ ಜೋರು, ಹಿಡಿಯ ತುದಿಯ ಬಾಗಿದ ಉಕ್ಕಿನ ತಗಡು ಭುಜಕ್ಕೆ ಗುದ್ದುತ್ತದೆ. ಆದರೆ ಆಂಡರ್ಸನ್ ತಿರುಗುತ್ತಿದ್ದ ಬಿದಿರುಮೆಳೆ, ಲಂಟಾನದ ಕಾಡಿನಲ್ಲಿ ಇನ್ನೂರು ಗಜ ಯಾರಿಗೆ ಕಾಣುತ್ತದೆ? ಇಪ್ಪತ್ತು ಮೂವತ್ತು ಹೆಜ್ಜೆ ಕಂಡರೆ ಪುಣ್ಯ. ದೂರದ ಜಿಂಕೆಯನ್ನು ಬಿಟ್ಟುಕೊಟ್ಟು, ಹತ್ತಿರದ ಅಪಾಯಕ್ಕೆ ಬೇಕಾದದ್ದನ್ನು ಕೊಂಡ. ಒಂದನ್ನು ಬಿಡದೆ ಇನ್ನೊಂದು ಸಿಗುವುದಿಲ್ಲ ಅನ್ನೋದು ನಮಗೆ ಅರ್ಥಶಾಸ್ತ್ರದ ಮೊದಲ ಪಾಠದಲ್ಲೇ ಹೇಳಿಕೊಟ್ಟದ್ದು ತಾನೇ? ರಾತ್ರಿ ಅಟ್ಟಣೆ ಮೇಲೆ ಕೂರುವಾಗ ನಳಿಗೆಗೆ ಟಾರ್ಚು ಬಿಗಿದುಕೊಳ್ಳುತ್ತಿದ್ದ. ಅಂಥ ಕೋವಿ ಹಿಡಿದು 1939ರಿಂದ 1966ರ ತನಕ ಸರ್ಕಾರಿ ದಾಖಲೆಯ ಪ್ರಕಾರ ಎಂಟು ನರಭಕ್ಷಕ ಚಿರತೆ, ಏಳು ನರಭಕ್ಷಕ ಹುಲಿಗಳನ್ನು ಕೊಂದ.

ಆದರೆ ಈತನ ಬರವಣಿಗೆ ಓದುತ್ತ ಹೋದರೆ ಇನ್ನೊಂದು ಮಾತು ಪದೇ ಪದೇ ಎದುರಾಗುತ್ತದೆ. ಈ ಹುಲಿ ಚಿರತೆಗಳು ಹುಟ್ಟುವಾಗಲೇ ನರಭಕ್ಷಕರಲ್ಲ. ಎಷ್ಟೋ ಸಲ ಹಿಂದೆ ಯಾರೋ ಸಾಲದ ಕೋವಿಯಿಂದ, ಸಾಲದ ಗುರಿಯಿಂದ ಗುಂಡು ಹೊಡೆದು, ಗಾಯ ಮಾಡಿ, ಹಿಂಬಾಲಿಸದೆ ಮನೆಗೆ ಹೋಗಿದ್ದಾರೆ. ಓಡಲಾರದ ಪ್ರಾಣಿ ಕೊನೆಗೆ ಸುಲಭದ ತುತ್ತಾದ ಮನುಷ್ಯನ ಮೇಲೆ ಬಿದ್ದಿದೆ. ಹೊಡೆದವನು ಒಬ್ಬ, ಸತ್ತವರು ಬೇರೆ ಊರಿನವರು. ಆಂಡರ್ಸನ್ ಮಾತ್ರ ತಾನು ಗಾಯ ಮಾಡಿದ ಪ್ರಾಣಿಯನ್ನು ಬಿಟ್ಟು ಬರಬಾರದು ಅನ್ನುವ ನಿಯಮ ಇಟ್ಟುಕೊಂಡಿದ್ದ. ರಕ್ತದ ಜಾಡು ಹಿಡಿದು ಪೊದೆಯೊಳಗೆ ನುಗ್ಗುವಾಗ ಕೈಯಲ್ಲಿ ಇರಬೇಕಾದದ್ದು ಆ ಭಾರದ ಗುಂಡು, ಆ ಲಿವರ್. ಆತ ಕೋವಿ ಆರಿಸಿದ್ದು ಮೊದಲ ಈಡಿಗಾಗಿ ಅಲ್ಲ, ಕೆಟ್ಟುಹೋದ ಮೊದಲ ಈಡಿನ ಆಮೇಲಿನ ಈಡಿಗಾಗಿ ಅಂತ ನನಗೆ ಅನ್ನಿಸುತ್ತದೆ.

ಇದಕ್ಕೆ ಸಾಕ್ಷಿ ನಮ್ಮ ಅರಸೀಕೆರೆ ಸೀಮೆಯ ಕರಡಿಯ ಕಥೆ. ಆಂಡರ್ಸನ್ನನ ಎರಡನೇ ಪುಸ್ತಕ 1957ರಲ್ಲಿ ಬಂತು, ಅದರಲ್ಲಿದೆ. ಅರಸೀಕೆರೆಯ ಹತ್ತಿರದ ನಾಗವಾರದ ಗುಡ್ಡದಲ್ಲಿದ್ದ ಒಂದು ಕರಡಿ ಹನ್ನೆರಡು ಜನರನ್ನು ಕೊಂದು, ಸುಮಾರು ಎರಡು ಡಜನ್ ಜನರನ್ನು ಗಾಯಗೊಳಿಸಿತು. ಬದುಕಿದವರಲ್ಲಿ ಎಷ್ಟೋ ಜನಕ್ಕೆ ಕಣ್ಣು ಹೋಯಿತು, ಮೂಗು ಹೋಯಿತು. ಅಲ್ಲಿನ ದರ್ಗಾ ನೋಡಿಕೊಳ್ಳುತ್ತಿದ್ದ ಆಲಂ ಬಕ್ಷ್ ಎಂಬ ಗೆಳೆಯನ ಮಗನೂ ಅದಕ್ಕೆ ಬಲಿಯಾದ ಮೇಲೆ ಆಂಡರ್ಸನ್ ಹೊರಟ. ಮೊದಲ ಪ್ರಯತ್ನಕ್ಕೆ ಕರಡಿ ಸಿಗಲಿಲ್ಲ, ಮತ್ತೆ ಮತ್ತೆ ಬಂದು ಕಡೆಗೆ ಕೊಂದ. ಊರಿನವರು ಆ ಕರಡಿಯ ಬಗ್ಗೆ ಏನೇನೋ ಕಥೆ ಕಟ್ಟಿದ್ದರು. ಆಂಡರ್ಸನ್ನನ ಅಂದಾಜು ಮಾತ್ರ ಸರಳ: ಹಿಂದೆ ಮನುಷ್ಯರೇ ಯಾರೋ ಅದಕ್ಕೆ ಗಾಯ ಮಾಡಿರಬೇಕು.

ಈ ಸಾಲು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟೆ. ಈಗ ನಮ್ಮ ಮನೆಯ ವಿಷಯ ಹೇಳುತ್ತೇನೆ.

ನಮ್ಮದು ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿ. ನಾನು ಚಿಕ್ಕವನಾಗಿದ್ದಾಗ ಹಿಂದಿನ ಬೀದಿಯಲ್ಲಿ ಒಬ್ಬ ಅಜ್ಜಿ ಇದ್ದರು. ಯಾವಾಗಲೂ ಸೆರಗನ್ನು ಅರ್ಧ ಮುಖದ ಮೇಲೆ ಎಳೆದುಕೊಂಡಿರುತ್ತಿದ್ದರು, ಅದಕ್ಕೆ ನಾವು ಹುಡುಗರು ಸೆರಗಿನಜ್ಜಿ ಅನ್ನುತ್ತಿದ್ದೆವು. ಅವರಿಗೆ ಒಂದು ಕಣ್ಣಿರಲಿಲ್ಲ, ಆ ಕಡೆಯ ಕೆನ್ನೆಯೂ ಸರಿಯಿರಲಿಲ್ಲ. ಪ್ರತಿ ಸುಗ್ಗಿಗೂ ನಮ್ಮ ಕಣದಿಂದ ಒಂದು ಚೀಲ ರಾಗಿ ಅವರ ಮನೆಗೆ ಹೋಗುತ್ತಿತ್ತು. ಅವರು ನಮ್ಮ ನೆಂಟರಲ್ಲ, ನಮ್ಮ ಹೊಲದಲ್ಲಿ ಕೆಲಸ ಮಾಡಿದವರೂ ಅಲ್ಲ. ಪಿ.ಯು.ಸಿ.ಯಲ್ಲಿ ಲೆಕ್ಕಪತ್ರ ಕಲಿಯುವ ಹುಮ್ಮಸ್ಸಿನಲ್ಲಿ ನಮ್ಮ ಹೊಲದ ಖರ್ಚುವೆಚ್ಚ ಬರೆಯಲು ಕೂತಾಗ, ಈ ಚೀಲವನ್ನು ಯಾವ ಬಾಬ್ತಿಗೆ ಹಾಕಲಿ ತಾತ ಅಂತ ಕೇಳಿದ್ದೆ. ತಾತ ಅದನ್ನು ಬರೀಬೇಡ ಬಿಡು ಅಂದುಬಿಟ್ಟಿದ್ದರು.

ಆಂಡರ್ಸನ್ನನ ಆ ಸಾಲು ಓದಿದ ರಾತ್ರಿ ಖಡಕಿಯಿಂದ ತಾತನಿಗೆ ಫೋನು ಮಾಡಿದೆ. ಸೆರಗಿನಜ್ಜಿಯ ಮುಖಕ್ಕೆ ಏನಾಗಿತ್ತು ತಾತ ಅಂತ ಕೇಳಿದೆ. ಬಹಳ ಹೊತ್ತು ಮಾತಿಲ್ಲ. ಆಮೇಲೆ ಹೇಳಿದರು. ಅರವತ್ತರ ದಶಕ, ತಾತನಿಗೆ ಇನ್ನೂ ಮದುವೆಯಾಗಿರಲಿಲ್ಲ. ಕಡಲೇಕಾಯಿ ಹೊಲಕ್ಕೆ ಕರಡಿ ಬೀಳುತ್ತಿತ್ತು. ಬೆಳೆ ಕಾಯೋದಕ್ಕೆ ಲೈಸೆನ್ಸಿನ ಕೇಪಿನ ಕೋವಿ ಮನೆಯಲ್ಲಿತ್ತು. ಮದ್ದು ಸುರಿದು, ಬಟ್ಟೆಚೂರು ತುರುಕಿ, ಚರೆ ಹಾಕಿ ಗಜದಿಂದ ಜಡಿದುಕೊಂಡು ಅಟ್ಟಣೆ ಮೇಲೆ ಕೂತರು. ಕರಡಿ ಬಂತು, ಹೊಡೆದರು. ಕರಡಿ ಕೂಗಿಕೊಂಡು ಗುಡ್ಡದ ಕಡೆ ಓಡಿತು. ಆ ಕೋವಿಯಲ್ಲಿ ಎರಡನೇ ಈಡು ಅಂದರೆ ಮತ್ತೆ ಮೊದಲಿನಿಂದ ಮದ್ದು ಸುರಿಯಬೇಕು. ಬೆಳಗ್ಗೆ ರಕ್ತ ನೋಡಿದರು. ಜಾಡು ಹಿಡಿಯುವ ಧೈರ್ಯ ಬರಲಿಲ್ಲ. ಯಾರಿಗೂ ಹೇಳಲಿಲ್ಲ. ನಾಲ್ಕು ದಿನ ಬಿಟ್ಟು ಸೌದೆಗೆ ಗುಡ್ಡಕ್ಕೆ ಹೋದ ಹೊಸ ಮದುವಣಗಿತ್ತಿಯ ಮೇಲೆ ಕರಡಿ ಬಿತ್ತು. ಆಕೆಗೆ ಆಗ ಹದಿನೆಂಟು ವರ್ಷ.

ಅದೇ ಕರಡಿಯೋ ಬೇರೆಯೋ ಅನ್ನುವುದಕ್ಕೆ ತಾತನ ಹತ್ತಿರ ಪುರಾವೆಯಿಲ್ಲ. ನಾನೂ ಅದನ್ನೇ ಹೇಳಿ ಸಮಾಧಾನ ಮಾಡಲು ಹೋದೆ. ತಾತ ಒಪ್ಪಲಿಲ್ಲ. ಕರಡಿ ಯಾವುದಾದರೇನು, ಗಾಯ ಮಾಡಿದ್ದೊಂದು ಗುಡ್ಡದಲ್ಲಿದೆ ಅಂತ ಊರಿಗೆ ಹೇಳಿದ್ದರೆ ಯಾರೂ ಸೌದೆಗೆ ಹೋಗುತ್ತಿರಲಿಲ್ಲ ಅನ್ನುವುದು ಅವರ ಲೆಕ್ಕ. ನನಗೆ ಉತ್ತರ ಹೊಳೆಯಲಿಲ್ಲ.

ಆಂಡರ್ಸನ್ನನ ಉಳಿದ ಕಥೆ ಹೇಳಿ ಮುಗಿಸುತ್ತೇನೆ. ವಯಸ್ಸಾದಂತೆ ಆತನಿಗೆ ಕೊಲ್ಲುವುದರಲ್ಲಿ ಮನಸ್ಸು ಉಳಿಯಲಿಲ್ಲ. ಕಾಡು ಕಡಿಮೆಯಾಗುವುದನ್ನು ಕಣ್ಣಾರೆ ಕಂಡು, ಪ್ರಾಣಿಗಳು ಉಳಿಯಬೇಕೆಂದು ಬರೆದ. 1954ರಿಂದ 1970ರ ತನಕ ಕಾಡಿನ ಪುಸ್ತಕಗಳು ಒಂದರ ಹಿಂದೊಂದು ಬಂದವು, ಒಂದು ತೀರಿಹೋದ ಮೇಲೆ 1976ರಲ್ಲಿ ಬಂತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಜಾರಿಯಾಗಿ ಶಿಕಾರಿಯ ಕಾಲವೇ ಮುಗಿಯಿತು. ಎರಡು ವರ್ಷದ ಮೇಲೆ, 1974ರ ಆಗಸ್ಟ್ 30ರಂದು, ಕ್ಯಾನ್ಸರಿನಿಂದ ಆಂಡರ್ಸನ್ ಬೆಂಗಳೂರಿನಲ್ಲಿ ತೀರಿಕೊಂಡ. ಇವತ್ತು ನಮ್ಮ ದೇಶದಲ್ಲಿ ಜಿಂಕೆಗಾಗಲಿ ಕರಡಿಗಾಗಲಿ ಯಾವ ಕೋವಿ ಒಳ್ಳೆಯದು ಅಂತ ಯಾರೂ ಅಂಗಡಿಗೆ ಹೋಗಿ ಕೇಳುವ ಹಾಗಿಲ್ಲ. ಕರಡಿಗೆ ಅಂತಲೇ 1994ರಲ್ಲಿ ದರೋಜಿಯಲ್ಲಿ ಧಾಮವಾಯಿತು. ಈಗ ನಮ್ಮ ಅರಸೀಕೆರೆ ಗುಡ್ಡದಲ್ಲೂ ಕರಡಿ ಧಾಮವಿದೆ.

ಹಾಗಾದರೆ ಯಾರಿಗೂ ಬೇಡವಾದ ಕೋವಿಯ ಆಯ್ಕೆಯನ್ನು ಇಷ್ಟುದ್ದ ಯಾಕೆ ಬರೆದೆ? ನಾವೆಲ್ಲ ನಾಳೆ ಏನನ್ನೋ ಆರಿಸಿಕೊಳ್ಳಬೇಕಾದವರು. ಕೆಲಸವೋ, ವ್ಯಾಪಾರವೋ, ಮತ್ತೊಂದೋ. ಎಲ್ಲ ಸರಿಯಾಗಿ ನಡೆದರೆ ಏನು ಸಿಗುತ್ತದೆ ಅಂತ ನೋಡಿ ಆರಿಸುವವರೇ ಹೆಚ್ಚು. ಕೈತಪ್ಪಿದರೆ ಯಾರಿಗೆ ಏಟು ಬೀಳುತ್ತದೆ, ಆಗ ಹಿಂದೆ ಹೋಗಿ ಸರಿಮಾಡುವ ಶಕ್ತಿ ನನ್ನ ಕೈಯಲ್ಲಿ ಇರುತ್ತದೆಯೇ ಅಂತ ನೋಡಿ ಆರಿಸಿದವನು ಆಂಡರ್ಸನ್. ಹಾಗೆ ನೋಡುವ ಅನುಕೂಲ ಇಲ್ಲದೆ, ಮನೆಯಲ್ಲಿದ್ದ ಕೋವಿ ಎತ್ತಿಕೊಂಡು ಹೋದವರು ನಮ್ಮ ತಾತ. ಇಬ್ಬರ ಮೇಲೂ ನನಗೆ ಗೌರವವಿದೆ.

ತಾತ ಆ ಕೋವಿಯನ್ನು ಬಹಳ ಹಿಂದೆಯೇ ಸ್ಟೇಷನ್ನಿಗೆ ಒಪ್ಪಿಸಿದರು. ಸೆರಗಿನಜ್ಜಿ ತೀರಿಕೊಂಡು ಹತ್ತು ವರ್ಷವಾಯಿತು. ರಾಗಿ ಮಾತ್ರ ಅವರ ಮಗನ ಮನೆಗೆ ಈಗಲೂ ಹೋಗುತ್ತದೆ. ಡಿಸೆಂಬರಿನಲ್ಲಿ ಪರೀಕ್ಷೆ ಮುಗಿಸಿ ಊರಿಗೆ ಹೋದಾಗ ಆ ಚೀಲವನ್ನು ನಾನೇ ಹೊತ್ತುಕೊಂಡು ಹೋಗಿ ಕೊಟ್ಟು ಬಂದೆ. ಲೆಕ್ಕದ ಪುಸ್ತಕದಲ್ಲಿ ಬರೆಯಲಿಲ್ಲ.